ತಲೆಯ ಮೇಲಿನ ಕೆಂಡ

ನನಗೆ ಹೊಲಿಗೆ ಬರುವುದಿಲ್ಲ. ಡಾಕ್ಟರು ಗಾಯಕ್ಕೆ ಹೊಲಿಗೆ ಹಾಕುವಾಗ ಪಕ್ಕದಲ್ಲಿ ನಿಂತು ದಾರ ಕತ್ತರಿಸಿದ್ದು ಎಷ್ಟು ಸಲವೋ. ರವಿಕೆಗೆ ಒಂದು ಗುಂಡಿ ಹಚ್ಚಲು ಕೂತರೆ ಮಾತ್ರ ಸೂಜಿ ನನ್ನ ಬೆರಳನ್ನೇ ಹುಡುಕಿಕೊಂಡು ಬರುತ್ತದೆ. ನಾನು ಬೆಂಗಳೂರಿಗೆ ಬಂದದ್ದೇ ಹೊಲಿಗೆಯಿಂದ ತಪ್ಪಿಸಿಕೊಳ್ಳುವುದಕ್ಕೆ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಕಾಲೇಜಿನಲ್ಲಿ ವಿಜ್ಞಾನ ತೆಗೆದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿ, ಅಲ್ಲಿಯೇ ಮೂರು ವರ್ಷ ನರ್ಸಿಂಗ್ ತರಬೇತಿ ಪಡೆದಿದ್ದೆ. ನಂಜನಗೂಡಿನ ಹತ್ತಿರದ ನಮ್ಮ ಊರಿನಲ್ಲಿ ಅಪ್ಪ ಶಾಲೆಯ ಹೆಡ್‌ಮಾಸ್ಟರು. ಅವರ ಶಾಲೆಯಲ್ಲಿ ಹೊಲಿಗೆ ಮೇಡಂ ಜಾಗ ಖಾಲಿ ಇತ್ತು. ಓದಿದ ಹೆಣ್ಣುಮಗಳು ಮನೆಯಲ್ಲೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು ಎಂದು ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

"ದಸರಾ ರಜೆ ಮುಗಿಯೋವರೆಗೂ ಜಾಗ ಹಿಡಿದಿಟ್ಟಿರ್ತೀನಿ" ಎಂದಿದ್ದರು. "ಅಷ್ಟರೊಳಗೆ ಬೆಂಗಳೂರಲ್ಲಿ ನರ್ಸ್ ಕೆಲಸ ಸಿಕ್ಕಿದ್ರೆ ಸಂತೋಷ. ಸಿಗದಿದ್ರೆ ಬಂದು ಮಕ್ಕಳಿಗೆ ಕಾಜಾ ಹೊಲಿಯೋದು ಹೇಳ್ಕೊಡು."

"ಅಪ್ಪ, ನನಗೇ ಕಾಜಾ ಬರಲ್ಲ."

"ಪುಸ್ತಕ ತರಿಸ್ಕೊಡ್ತೀನಿ."

ಹೀಗೆ ಎರಡು ತಿಂಗಳ ಗಡುವು ಹೊತ್ತು ಮತ್ತಿಕೆರೆಯಲ್ಲಿದ್ದ ಅಕ್ಕನ ಮನೆಗೆ ಬಂದು ಇಳಿದೆ. ಭಾವ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿದ್ದರು. ವಠಾರದ ಮನೆ, ಎರಡು ಕೋಣೆ. ಹಿತ್ತಲ ಬಾಗಿಲು ತೆಗೆದರೆ ರಾಗಿ ಹೊಲ. ಮತ್ತಿಕೆರೆ ಆಗಿನ್ನೂ ಊರೇ ಆಗಿತ್ತು. ಬೆಂಗಳೂರಿಗೆ ಹೋಗಿಬರುತ್ತೇನೆ ಎಂದು ಹೇಳಿಯೇ ಜನ ಬಸ್ಸು ಹತ್ತುತ್ತಿದ್ದರು.

ಮೊದಲ ದಿನ ಕೆಲಸ ಕೇಳಲು ಹೊರಟಾಗ ಬಿಳಿ ಸೀರೆ, ಬಿಳಿ ರವಿಕೆ ತೊಟ್ಟು ಜಗಲಿಗೆ ಬಂದೆ. ಹತ್ತಿರದ ಸಿಂಗಾಪುರ ಎಂಬ ಹಳ್ಳಿಯಿಂದ ಹಾಲು ತರುತ್ತಿದ್ದ ಅಜ್ಜಿ ಆಗಷ್ಟೇ ತಲೆಯ ಮೇಲಿನ ಹಾಲಿನ ಪಾತ್ರೆ ಇಳಿಸುತ್ತಿದ್ದಳು. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಪಾಪ, ಈ ವಯಸ್ಸಿಗೇನಾ? ಗಂಡ ಯಾವಾಗ ಓದ್ನವ್ವಾ?"

"ಗಂಡನೇ ಇಲ್ಲ ಅಜ್ಜಿ, ಇನ್ನೂ ಮದುವೆ ಆಗಿಲ್ಲ. ನರ್ಸು ಇವಳು" ಎಂದಳು ಅಕ್ಕ.

"ಮದ್ವೆಗ್ ಮುಂಚೇನೇ ಬಿಳೀ ಸೀರೆ ಉಡ್ಸೋ ಕೆಲ್ಸ ಯಾಕವ್ವಾ ಬೇಕು?" ಎಂದು ಅಜ್ಜಿ ಸಿಂಬಿ ಕೊಡವಿಕೊಂಡು ಹೊರಟಳು. ಅಂದಿನಿಂದ ನನ್ನನ್ನು ಕಂಡಾಗಲೆಲ್ಲ "ಸಿಕ್ತಾ ಕೆಲ್ಸ?" ಎಂಬುದೇ ಅವಳ ಮೊದಲ ಮಾತು.

ಸಿಗಲಿಲ್ಲ. ಒಂದು ಕಡೆ ಅನುಭವ ಬೇಕು ಎಂದರು. ಇನ್ನೊಂದು ಕಡೆ ತಮಿಳು ಬರಬೇಕು ಎಂದರು. ಹೆಬ್ಬಾಳದಲ್ಲಿ ಆಸ್ಪತ್ರೆ ಎಂಬ ಬೋರ್ಡು ನೋಡಿ ಸಡಗರದಿಂದ ಒಳಗೆ ಹೋದೆ. ನನಗಿಂತ ಮುಂಚೆ ಬಂದು ನಿಂತಿದ್ದದ್ದು ಒಂದು ಎಮ್ಮೆ. ಅಲ್ಲಿದ್ದ ವಯಸ್ಸಾದ ಡಾಕ್ಟರು ನನ್ನ ಸರ್ಟಿಫಿಕೇಟನ್ನು ಪೂರ್ತಿ ಓದಿ, ಮಡಿಸಿ ವಾಪಸು ಕೊಟ್ಟರು. "ಎಲ್ಲಾ ಸರಿ ಇದೆಯಮ್ಮ. ಆದ್ರೆ ನಮ್ಮ ಪೇಶೆಂಟ್‌ಗಳು ಒದೀತಾರೆ" ಎಂದರು. ಮನೆಗೆ ಬಂದು ಹೇಳಿದಾಗ ಭಾವ ಊಟದ ತಟ್ಟೆ ಬದಿಗಿಟ್ಟು ನಕ್ಕರು. ನನಗೂ ನಗು ಬಂತು. ಆ ದಿನಗಳಲ್ಲಿ ಕೆಲಸ ಇಲ್ಲ ಎಂಬ ದುಃಖಕ್ಕಿಂತ ಹೊಸ ಊರಿನಲ್ಲಿ ಒಬ್ಬಳೇ ಬಸ್ಸು ಹತ್ತಿ ಇಳಿಯುವ ಖುಷಿಯೇ ಹೆಚ್ಚಾಗಿತ್ತು ಎಂದು ಈಗ ಅನ್ನಿಸುತ್ತದೆ.

ಕೊನೆಗೆ ದಾರಿ ತೋರಿಸಿದವಳು ಹಾಲಿನ ಅಜ್ಜಿಯೇ.

"ಯಲಹಂಕದಾಗೆ ಒಬ್ಬ ಡಾಕ್ಟ್ರಮ್ಮ ಎರಿಗೆ ಆಸ್ಪತ್ರೆ ಮಡಗವ್ರೆ. ಅಲ್ಲಿ ನರ್ಸಮ್ಮಗೋಳು ನಿಲ್ಲಾಕಿಲ್ಲ. ಬಾಣಂತೀರೂ ನಿಲ್ಲಾಕಿಲ್ಲ."

"ಯಾಕಜ್ಜಿ?"

"ಬಿಸಿನೀರ್ ಉಯ್ಯಂಗಿಲ್ಲ, ಸಾಂಬ್ರಾಣಿ ಇಕ್ಕಂಗಿಲ್ಲ, ಒಂದ್ ಕೆಂಡ ಒಳೀಕ್ ತರಂಗಿಲ್ಲ ಅಂದ್ರೆ ಯಾರವ್ವಾ ಇದ್ದಾರು? ಎತ್ತೋಳ್ನ ತಣ್ಣೀರಾಗೆ ಅದ್ದಿದಂಗೆ."

ಯಶವಂತಪುರದಿಂದ ಯಲಹಂಕಕ್ಕೆ ಬೆಳಗ್ಗೆ ಪ್ಯಾಸೆಂಜರ್ ರೈಲು ಇತ್ತು. ಮಾರನೆಯ ದಿನವೇ ಹೋದೆ. ಹಳೆಯ ಹೆಂಚಿನ ಮನೆಯನ್ನು ಆಸ್ಪತ್ರೆ ಮಾಡಿದ್ದರು: ಮುಂದೆ ಕಂಬದ ಜಗಲಿ, ಒಳಗೆ ಉದ್ದದ ನಡುಮನೆ, ಅದರ ಒಂದು ಬದಿಗೆ ಹೆರಿಗೆ ಕೋಣೆ, ಇನ್ನೊಂದು ಬದಿಗೆ ನಾಲ್ಕು ಮಂಚಗಳ ವಾರ್ಡು, ನಡುಮನೆಯ ತುದಿಗೆ ಬಚ್ಚಲು. ಕೋಣೆಗಳಿಗೆ ಬಾಗಿಲಿಲ್ಲ, ಪರದೆ. ಹಿಂದೆ ದೊಡ್ಡ ಅಂಗಳ. ಐವತ್ತರ ಆಸುಪಾಸಿನ ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿನ್ನ ಸರ್ಟಿಫಿಕೇಟ್ ಚೆನ್ನಾಗಿದೆ. ನಿನಗಿಂತ ಮುಂಚೆ ಬಂದ ಮೂವರದ್ದೂ ಚೆನ್ನಾಗೇ ಇತ್ತು" ಎಂದರು. "ಹೆರಿಗೆ ನಾನು ಮಾಡಿಸ್ತೀನಿ. ಅದು ಕಷ್ಟ ಅಲ್ಲ. ಎರಡನೇ ದಿನ ಗಾಡಿ ಕಟ್ಟಿಕೊಂಡು ಓಡಿಹೋಗ್ತಾರೆ. ಹತ್ತನೇ ದಿನ ಜ್ವರ ಬಂತು ಅಂತ ಹೊತ್ಕೊಂಡು ಬರ್ತಾರೆ. ಒಬ್ಬ ಬಾಣಂತೀನ, ಒಬ್ಬಳೇ ಒಬ್ಬಳನ್ನ, ಐದು ದಿನ ಈ ಮಂಚದ ಮೇಲೆ ಉಳಿಸು. ಕೆಲಸ ನಿಂದು. ದಸರಾವರೆಗೂ ನೋಡೋಣ."

"ಬೆಂಕಿ ಒಳಗೆ ಬಿಡಲ್ವಂತೆ ಹೌದಾ ಮೇಡಂ?" ಎಂದೆ.

ಅವರು ಹೆರಿಗೆ ಕೋಣೆಯ ಕಪಾಟಿನತ್ತ ಬೆರಳು ತೋರಿಸಿದರು. ಕಂದು ಬಣ್ಣದ ಬಾಟಲಿಗಳು. "ಈಥರ್ ಇದೆ. ಸಿರಿಂಜ್ ಕುದಿಸೋ ಸ್ಟೋವನ್ನೂ ನಾನು ಅಂಗಳದಲ್ಲೇ ಇಟ್ಟಿದ್ದೀನಿ."

ರೋಗಿಗೆ ಪ್ರಜ್ಞೆ ತಪ್ಪಿಸುವ ಈಥರ್ ನನಗೆ ಹೊಸತಲ್ಲ. ಕಾಲೇಜಿನಲ್ಲಿ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಒಮ್ಮೆ ಸೂರಿನ ಮಳೆನೀರು ಹರಿಸುವ ತಗಡಿನ ದೋಣಿಯೊಂದನ್ನು ಮೇಜಿನಿಂದ ನೆಲದವರೆಗೆ ಓರೆಯಾಗಿ ನಿಲ್ಲಿಸಿ, ಕೆಳತುದಿಯಲ್ಲಿ ಮೇಣದ ಬತ್ತಿ ಹಚ್ಚಿ, ಮೇಲ್ತುದಿಯಲ್ಲಿ ಈಥರಿನಲ್ಲಿ ನೆನೆಸಿದ ಬಟ್ಟೆ ಇಟ್ಟಿದ್ದರು. ಕಣ್ಣಿಗೆ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಬತ್ತಿಯಿಂದ ಉರಿ ಎದ್ದು ದೋಣಿಯುದ್ದಕ್ಕೂ ಮೇಲಕ್ಕೆ ಓಡಿ ಬಟ್ಟೆಯನ್ನು ಹಿಡಿಯಿತು. "ಇದರ ಆವಿ ಗಾಳಿಗಿಂತ ಭಾರ. ನೀರಿನ ಹಾಗೆ ನೆಲದ ಮೇಲೆ ಹರಿಯುತ್ತೆ" ಎಂದಿದ್ದರು. ಪರೀಕ್ಷೆಯಲ್ಲಿ ಅದನ್ನು ಚಿತ್ರ ಸಮೇತ ಬರೆದಿದ್ದೆ.

ಆಮೇಲಿನ ವಾರಗಳು ನನ್ನ ಬದುಕಿನ ಅತ್ಯಂತ ಹಗುರಾದ ವಾರಗಳು. ಬೆಳಗಿನ ಪ್ಯಾಸೆಂಜರಿನಲ್ಲಿ ಖಾಲಿ ಬುಟ್ಟಿಗಳ ಜೊತೆ ವಾಪಸು ಹೋಗುವ ಸೊಪ್ಪಿನ ಹೆಂಗಸರ ನಡುವೆ ಕೂತಿರುತ್ತಿದ್ದೆ. ನನ್ನ ಬಿಳಿ ಸೀರೆಗೆ ಮಣ್ಣು ತಾಗದಂತೆ ಅವರೇ ಕಾಲು ಮಡಚಿಕೊಳ್ಳುತ್ತಿದ್ದರು, ಹಾಗೆ ಮಡಚಿಕೊಂಡದ್ದಕ್ಕೆ ಪ್ರತಿಯಾಗಿ ತಮ್ಮ ಮಂಡಿನೋವು, ಸೊಸೆಯ ವಾಂತಿ, ಮಗುವಿನ ಕಿವಿ ಸೋರುವುದು ಎಲ್ಲವನ್ನೂ ನನ್ನ ಮುಂದೆ ಸುರಿಯುತ್ತಿದ್ದರು. ಆಸ್ಪತ್ರೆ ಮುಟ್ಟುವ ಮುಂಚೆಯೇ ನನ್ನ ಅರ್ಧ ಕೆಲಸ ಆಗಿರುತ್ತಿತ್ತು.

ಬಾಣಂತಿಯರು ಮಾತ್ರ ನಿಲ್ಲಲಿಲ್ಲ. ಮೊದಲನೆಯವಳು ಎರಡನೇ ದಿನ ಹೋದಳು. ಎರಡನೆಯವಳೂ ಅಷ್ಟೇ. ರಾಜಾನುಕುಂಟೆಯಿಂದ ಬಂದ ಮೂರನೆಯವಳು, ನಾನು ಅಂಗಳದಲ್ಲಿ ಕೂತು ಬುತ್ತಿ ಬಿಚ್ಚುವಷ್ಟರಲ್ಲಿ ಮಗುವನ್ನೂ ಆಸ್ಪತ್ರೆಯ ಕಂಬಳಿಯನ್ನೂ ಎತ್ತಿಕೊಂಡು ಎತ್ತಿನ ಗಾಡಿಯಲ್ಲಿ ಮಾಯವಾದಳು. ವಾರದ ಮೇಲೆ ಕಂಬಳಿ ಒಗೆದು ಮಡಿಸಿ ವಾಪಸು ಬಂತು, ಮೇಲೆ ಒಂದು ಕುಂಬಳಕಾಯಿ. ಡಾಕ್ಟರು ಕುಂಬಳಕಾಯಿಯನ್ನು ಮೇಜಿನ ಮೇಲಿಟ್ಟು ನೋಡಿದರು. "ಇದಾದ್ರೂ ಐದು ದಿನ ಇರುತ್ತೆ" ಎಂದರು.

ದಸರಾ ಬಂತು. ರಜೆ ಮುಗಿಯಲು ಎಂಟು ದಿನ ಉಳಿದಿತ್ತು. ಅಪ್ಪ ಹೊಲಿಗೆ ಪುಸ್ತಕ ತರಿಸಿರುವುದಾಗಿ ಕಾರ್ಡು ಬರೆದಿದ್ದರು. ಆಗ ಹಾಲಿನ ಅಜ್ಜಿ ತನ್ನ ಸೊಸೆಯನ್ನು ಗಾಡಿಯಲ್ಲಿ ಕರೆತಂದಳು. ಮೊದಲ ಮಗು ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಹೋಗಿತ್ತು. "ಈ ಕಿತ ನಿನ್ ಕೈಗ್ ಆಕ್ತೀನಿ" ಎಂದಳು. ಸಂಜೆಯೊಳಗೆ ಹೆಣ್ಣು ಮಗು ಹುಟ್ಟಿತು, ತಲೆತುಂಬ ಕೂದಲು. ಹಾಲು ಹಾಕುವ ಕೆಲಸವನ್ನು ಮಗನಿಗೆ ಬಿಟ್ಟು ಅಜ್ಜಿ ಸೊಸೆಯ ಮಂಚದ ಪಕ್ಕ ಚಾಪೆ ಹಾಸಿಕೊಂಡಳು.

ಎರಡನೇ ದಿನ ಮಧ್ಯಾಹ್ನ ಅವಳೂ ಗಂಟು ಕಟ್ಟತೊಡಗಿದಳು.

"ಅಜ್ಜಿ, ನೀವೂನಾ?"

"ಏನ್ ಮಾಡ್ಲಿ ಮಗಾ. ಕೂಸಿನ್ ತಲೆ ಒದ್ದೆ ಐತೆ, ತಾಯಿ ತಲೆ ಒದ್ದೆ ಐತೆ. ಶೀತ ಆದ್ರೆ ಯಾರ್ಗ್ ಏಳಾದು? ಒಂದ್ ಬಾಣಲೆ ಕೆಂಡ, ಒಂದ್ ಚಿಟಿಕೆ ಸಾಂಬ್ರಾಣಿ. ಅಷ್ಟ್ ಕೊಟ್ರೆ ಐದಲ್ಲ, ಒಂಬತ್ ದಿನ ಇರ್ತೀನಿ."

ಆಗ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಡಾಕ್ಟರು ಬೆಳಗ್ಗೆ ಹತ್ತು ಗಂಟೆಗೆ ಮನೆಗಳಲ್ಲಿರುವ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಆ ಹೊತ್ತಿನಲ್ಲಿ ಈಥರ್ ಬಾಟಲಿ ಕಪಾಟಿನಲ್ಲಿ ಬಿಗಿಯಾಗಿ ಮುಚ್ಚಿರುತ್ತಿತ್ತು. "ನಾಳೆಯಿಂದ ದಿನಾ ಹತ್ತು ಗಂಟೆಗೆ ಬಚ್ಚಲಿಗೆ ತನ್ನಿ. ಯಾರಿಗೂ ಹೇಳಬೇಡಿ" ಎಂದೆ. ಮಾರನೆಯ ದಿನ ಬೀದಿಯಾಚೆಯ ಹೋಟೆಲಿನ ಒಲೆಯಿಂದ ಅಜ್ಜಿ ಕೆಂಡ ತಂದಳು. ದಪ್ಪ ಮಣ್ಣಿನ ಬಾಣಲೆ, ಅದರ ಕೆಳಗೆ ಬೂದಿ ತುಂಬಿದ ಬಿದಿರಿನ ಬುಟ್ಟಿ, ಅದರ ಕೆಳಗೆ ಸಿಂಬಿ. ಸೊಸೆಗೆ ಬಿಸಿನೀರು ಹೊಯ್ದು, ಕೂದಲು ಹರಡಿ ಹೊಗೆ ಹಿಡಿದೆವು. ಮಗುವನ್ನು ಹೊಗೆಯ ಮೇಲೆ ಮೂರು ಸಲ ತೂಗಿದೆವು. ತಾಯಿ ಮಗು ಇಬ್ಬರೂ ಸಂಜೆಯವರೆಗೆ ಎಚ್ಚರವಿಲ್ಲದೆ ಮಲಗಿದರು.

ಡಾಕ್ಟರು ವಾಪಸು ಬಂದು ಮೂಗು ಅರಳಿಸಿದರು. "ಏನಿದು ವಾಸನೆ?"

"ಪಕ್ಕದ ಗುಡೀಲಿ ಪೂಜೆ, ಮೇಡಂ" ಎಂದೆ.

ಅಜ್ಜಿ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ನಾಲ್ಕನೆಯ ದಿನ ಹತ್ತು ಗಂಟೆಗೆ ಡಾಕ್ಟರು ಹೊರಡಲಿಲ್ಲ. ಒಂಬತ್ತೂವರೆಗೆ ಒಬ್ಬ ಹೆಂಗಸನ್ನು ಗಾಡಿಯಲ್ಲಿ ತಂದರು. ಮನೆಯಲ್ಲಿ ಹೆರಿಗೆಯಾಗಿ, ಮಾಸು ಬೀಳದೆ, ರಕ್ತ ಹೋಗುತ್ತಿತ್ತು. ಕೈಹಾಕಿ ತೆಗೆಯಬೇಕು, ಪ್ರಜ್ಞೆ ತಪ್ಪಿಸಬೇಕು. ಡಾಕ್ಟರು ಕೈ ತೊಳೆಯಲು ಹೋದರು. ನಾನು ಹೆಂಗಸಿನ ತಲೆಯ ಬಳಿ ನಿಂತು, ಮುಖದ ಮೇಲೆ ಬಟ್ಟೆಯ ಮಾಸ್ಕ್ ಇಟ್ಟು, ತೊಟ್ಟು ತೊಟ್ಟಾಗಿ ಈಥರ್ ಬಿಡತೊಡಗಿದೆ. ಉಸಿರು ಎಣಿಸುತ್ತಾ, ನಾಡಿ ನೋಡುತ್ತಾ ಹತ್ತು ಗಂಟೆಯ ಮಾತು ಸಂಪೂರ್ಣವಾಗಿ ಮರೆತಿದ್ದೆ.

ಮೊದಲು ಕೇಳಿಸಿದ್ದು ಕಾಲುಕಡಗದ ಸದ್ದು. ಅಜ್ಜಿಯ ಎರಡೂ ಕಡಗಗಳು ಒಂದಕ್ಕೊಂದು ತಾಗುತ್ತಿದ್ದವು, ಆ ಸದ್ದು ಹಾಲು ತರುವಾಗ ಬೀದಿ ತುದಿಯಿಂದಲೇ ಗೊತ್ತಾಗುತ್ತಿತ್ತು. ಆಮೇಲೆ ಪರದೆಯ ಕೆಳಗೆ ಅವಳ ಪಾದಗಳು ಕಂಡವು. ಬಚ್ಚಲಿಗೆ ಹೋಗುವ ದಾರಿ ಹೆರಿಗೆ ಕೋಣೆಯ ಹೊಸಿಲ ಮುಂದೆಯೇ. ಗಾಡಿ ಬಂದಾಗ ಅವಳು ಕೆಂಡಕ್ಕೆಂದು ಹೋಟೆಲಿಗೆ ಹೋಗಿದ್ದಳು; ಈಗ ಒಳಗೆ ಮಾತು ಕೇಳಿ, ಡಾಕ್ಟರು ಇದ್ದಾರೆಂದು ತಿಳಿದು, ನಿಂತುಬಿಟ್ಟಿದ್ದಳು. ಕೆಂಡವನ್ನು ಎಲ್ಲಾದರೂ ಅಡಗಿಸಬೇಕೆಂದು ತಲೆಯಿಂದ ಬುಟ್ಟಿ ಇಳಿಸಿ, ನೆಲಕ್ಕಿಡಲು ಬಾಗತೊಡಗಿದಳು. ಪರದೆಯ ಅಂಚಿನ ಕೆಳಗೆ ಕೆಂಪು ಬೆಳಕು ಇಳಿಯುತ್ತಾ ಬಂತು.

ಕೋಣೆಯ ನೆಲ ಹೊಸಿಲಿನತ್ತ ಸ್ವಲ್ಪ ಇಳಿಜಾರು. ತೊಳೆದ ನೀರು ಹೊರಗೆ ಹೋಗಲೆಂದು ಹಾಗೆ ಮಾಡಿಸಿದ್ದರು.

ಬಾಟಲಿ ಬಿಟ್ಟು ಓಡುವಂತಿರಲಿಲ್ಲ. ಕೈ ತೊಳೆದು ಬಂದಿದ್ದ ಡಾಕ್ಟರ ಎರಡೂ ಕೈ ಹೆಂಗಸಿನ ಮೇಲಿದ್ದವು. ಅವರು ಪರದೆಯತ್ತ ನೋಡಿದರು, ತುಟಿ ಅಲುಗಿತು, ಮಾತು ಹೊರಡಲಿಲ್ಲ. ಕೂಗಿದರೆ ಅಜ್ಜಿ ಬೆಚ್ಚಿ ಬಾಣಲೆ ಕೈಬಿಡುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬಾಟಲಿಗೆ ಬಿರಡೆ ಒತ್ತಿ, ಹಾಲು ಅಳೆಸಿಕೊಳ್ಳುವಾಗ ಮಾತಾಡುವ ದನಿಯಲ್ಲೇ ಹೇಳಿದೆ:

"ಅಜ್ಜಿ, ಕೆಳಗಿಡಬೇಡಿ. ಮತ್ತೆ ತಲೆ ಮೇಲೆ ಇಟ್ಕೊಳ್ಳಿ."

ಕೆಂಪು ಬೆಳಕು ನಿಂತಿತು.

"ತಲೆ ಮ್ಯಾಲಾ?"

"ಹೂಂ. ಹಾಲಿನ ಪಾತ್ರೆ ಹೊರೋ ಹಾಗೆ. ಆಯ್ತಾ? ಈಗ ತಿರುಗಬೇಡಿ, ಹಾಗೇ ಹಿಂದಕ್ಕೆ ಹೆಜ್ಜೆ ಇಡಿ. ಜಗಲಿ ದಾಟಿ ಬೀದಿಗೆ ಹೋಗಿ."

ಮತ್ತೊಬ್ಬರಾಗಿದ್ದರೆ ಯಾಕೆ ಏನು ಎಂದು ಕೇಳುತ್ತಿದ್ದರು. ಇಲ್ಲವೇ ಬಾಗಿ, ಬಾಣಲೆಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ನಲವತ್ತು ವರ್ಷ ತಲೆಯ ಮೇಲೆ ಹಾಲು ಹೊತ್ತವಳಿಗೆ ಭಾರ ಎಲ್ಲಿರಬೇಕು ಎಂಬುದು ಮೈಗೇ ಗೊತ್ತಿತ್ತು. ಪರದೆಯ ಕೆಳಗೆ ಬೆಳಕು ಮೇಲಕ್ಕೆ ಹೋಗಿ ಮರೆಯಾಯಿತು. ಪಾದಗಳು ಒಂದೊಂದಾಗಿ ಹಿಂದೆ ಸರಿದವು. ಕಡಗದ ಸದ್ದು ನಡುಮನೆಯಲ್ಲಿ, ಆಮೇಲೆ ಜಗಲಿಯಲ್ಲಿ, ಆಮೇಲೆ ಬೀದಿಯಲ್ಲಿ.

ಇದನ್ನು ನಾನು ಈಗಲೂ ನೋಡುತ್ತೇನೆ. ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಕಾರಣವೇ ಇಲ್ಲದೆ. ಕೆಲವು ಸಲ ಅಜ್ಜಿಗೆ ನನ್ನ ಮಾತು ಕೇಳಿಸುವುದಿಲ್ಲ. ಬೆಳಕು ಇಳಿಯುತ್ತಲೇ ಇರುತ್ತದೆ. ಅಲ್ಲಿಗೆ ಎದ್ದು ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಅಂದು ಮಧ್ಯಾಹ್ನ ನಾನು ಅವಳು ನಿಂತಿದ್ದ ಜಾಗಕ್ಕೆ ಹೋಗಿ ಕೈಯಿಂದ ಅಳೆದೆ. ಹೊಸಿಲಿಗೆ ಮೂರು ಗೇಣು. ಮತ್ತೆ ಅಳೆದೆ. ಮೂರೇ.

ಹೆಂಗಸು ಉಳಿದಳು. ಎಚ್ಚರವಾಗಿ ನೀರು ಕೇಳಿದ ಮೇಲೆ ಡಾಕ್ಟರು ಕೈ ಒರೆಸಿಕೊಂಡು ಹೊರಗೆ ಬಂದರು. ಜಗಲಿಯಲ್ಲಿ ಅಜ್ಜಿ ಕೆಂಡಕ್ಕೆ ನೀರು ಸುರಿದು, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಯಾರು ತರೋಕೆ ಹೇಳಿದ್ದು?"

"ನಾನೇ ಕದ್ದು ತಂದೆ ಡಾಕ್ಟ್ರಮ್ಮ. ಈ ಮಗೀಗೆ ಏನೂ ಗೊತ್ತಿಲ್ಲ" ಎಂದಳು ಅಜ್ಜಿ.

"ನಾನೇ ಹೇಳಿದ್ದು ಮೇಡಂ. ನಿನ್ನೇನೂ ತಂದಿದ್ರು. ಗುಡಿ ಪೂಜೆ ಅಂದಿದ್ದು ಸುಳ್ಳು" ಎಂದೆ.

ಡಾಕ್ಟರು ಅಜ್ಜಿಯ ತೊಡೆಯ ಮೇಲಿನ ಬುಟ್ಟಿಯನ್ನು ನೋಡಿದರು. ಆಮೇಲೆ, "ತಲೆ ಮೇಲೆ ಇಟ್ಕೊ ಅಂತ ಹೇಗೆ ಹೊಳೀತು?" ಎಂದು ಕೇಳಿದರು. ತಗಡಿನ ದೋಣಿ, ಮೇಣದ ಬತ್ತಿಯ ವಿಷಯ ಹೇಳಿದೆ.

"ನನಗೂ ಅದು ಗೊತ್ತು" ಎಂದರು. "ಆದ್ರೆ ಆಗ ನನ್ನ ಬಾಯೇ ಬರಲಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಈಗ ಮನೆಗೆ ಹೋಗು. ನಾನು ಯೋಚನೆ ಮಾಡ್ಬೇಕು."

ಮನೆಗೆ ಬಂದು ಅಪ್ಪನಿಗೆ ಕಾರ್ಡು ಬರೆಯಲು ಕೂತೆ. ಹೊಲಿಗೆ ಕೆಲಸಕ್ಕೆ ಬರುತ್ತೇನೆ ಎಂದು ಬರೆಯಬೇಕಿತ್ತು. ಅಕ್ಷರ ಓರೆಯಾಯಿತು. ಅಕ್ಕ ನೋಡಿ, "ನಾಳೆ ಬರಿಯೇ. ಈ ಅಕ್ಷರ ಕಂಡ್ರೆ ಅಪ್ಪ ಜ್ವರ ಅಂದ್ಕೋತಾರೆ" ಎಂದು ಕಾರ್ಡು ಕಿತ್ತಿಟ್ಟಳು.

ಮಾರನೆಯ ಬೆಳಗ್ಗೆ ಬೀದಿ ತುದಿಯಲ್ಲಿ ಕಡಗದ ಸದ್ದು ಕೇಳಿ ಜಗಲಿಗೆ ಓಡಿಬಂದೆ. ಅಜ್ಜಿ, ತಲೆಯ ಮೇಲೆ ಹಾಲಿಲ್ಲ. ಯಲಹಂಕದಿಂದ ಮೊದಲ ರೈಲಿಗೇ ಬಂದಿದ್ದಳು. ಜಗಲಿಯಲ್ಲಿ ಕೂತು ಅಕ್ಕ ಕೊಟ್ಟ ಕಾಫಿ ಪೂರ್ತಿ ಕುಡಿದು ಮುಗಿಸಿದಳು.

"ಡಾಕ್ಟ್ರಮ್ಮಂಗ್ ಏಳ್ದೆ" ಎಂದಳು ಕೊನೆಗೆ. "ಕೆಂಡ ತಂದೋಳು ನಾನು. ತಲೆ ಮ್ಯಾಲ್ ಒತ್ತೋಳು ನಾನು. ಕೂದ್ಲು ಸುಟ್ಟಿದ್ರೆ ನಂದು ಸುಡ್ತಿತ್ತು. ಕೆಲ್ಸ ಓಗಾದು ಅವಳ್ದಾ?"

"ಅವರೇನಂದ್ರು?"

"ನಿನ್ ಸೊಸೇನ ಕರ್ಕೊಂಡೋಗು, ಐದ್ ದಿನ ಆಯ್ತು ಅಂದ್ರು. ನನ್ ಸೊಸೆ ಏನಂದ್ಲು ಗೊತ್ತಾ? ನರ್ಸಮ್ಮ ಬರೋಗಂಟ ಮಂಚ ಬಿಟ್ ಏಳಾಕಿಲ್ಲ ಅಂದ್ಲು. ಡಾಕ್ಟ್ರಮ್ಮ ನಕ್ಬುಟ್ರು ಕಣವ್ವಾ. ಇಷ್ಟ್ ವರ್ಸ ಓಡೋಗೋರ್ನ ಇಡಿಯಾಕಾಗ್ಲಿಲ್ಲ, ಈಗ ಓಗು ಅಂದ್ರೂ ಓಗಾಕಿಲ್ಲ ಅಂತಾರೆ ಅಂದ್ರು. ಎದ್ದೇಳು, ಸೀರೆ ಉಟ್ಕೊ. ಆ ಬಿಳೀದೇ ಉಟ್ಕೊ, ಆಗ್ಲಿ."

ಹೋದಾಗ ಡಾಕ್ಟರು ಅಂಗಳದಲ್ಲಿ ನಿಂತು, ಗೋಡೆಯಿಂದ ದೂರ, ಎತ್ತರದ ಜಾಗವೊಂದನ್ನು ಕೋಲಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. ತಗಡಿನ ಮಾಡು ಹಾಕಿ, ಹಂಡೆ ಇಟ್ಟು, ಬಾಣಂತಿಯರಿಗೆ ಅಲ್ಲೇ ನೀರು, ಅಲ್ಲೇ ಹೊಗೆ.

"ಕೆಂಡ ತರಿಸಿದ್ದಕ್ಕೆ ನನಗೆ ಕೋಪ ಇಲ್ಲ" ಎಂದರು ನನ್ನ ಕಡೆ ನೋಡದೆ. "ನನಗೆ ಹೇಳದೆ ತರಿಸಿದೆಯಲ್ಲ, ಅದಕ್ಕೆ. ಇನ್ನೊಂದು ಸಲ ನನ್ನ ಹತ್ತಿರ ಸುಳ್ಳು ಹೇಳಿದ್ರೆ ನಿನ್ನ ಅಪ್ಪನಿಗೆ ನಾನೇ ಕಾಗದ ಬರೀತೀನಿ. ಅಜ್ಜಿ ಎಲ್ಲಾ ಹೇಳಿದ್ದಾಳೆ, ಹೊಲಿಗೆ ವಿಷಯ."

ಇನ್ನೊಂದು ನಿಯಮವನ್ನು ನಾನು ಹೇಳಿದೆ. ಈಥರ್ ಬಾಟಲಿ ಕಪಾಟಿನಿಂದ ಹೊರಗೆ ಬಂದರೆ ಜಗಲಿಯ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಅದು ಇಳಿಯುವವರೆಗೂ ಅಂಗಳದ ಒಲೆಯಲ್ಲೂ ಬೆಂಕಿ ಇರಕೂಡದು, ಯಾರೂ ಬೀಡಿ ಕೂಡ ಹಚ್ಚಕೂಡದು. ಡಾಕ್ಟರು ಒಪ್ಪಿದರು. "ಸರಿ, ಬಟ್ಟೆ ನೀನೇ ತಂದು ಅಂಚು ಹೊಲಿದು ಕೊಡು" ಎಂದರು.

ಅಜ್ಜಿಯ ಸೊಸೆ ಒಂಬತ್ತು ದಿನ ಇದ್ದಳು. ಹಂಡೆಯ ಸುದ್ದಿ ಸಿಂಗಾಪುರ, ರಾಜಾನುಕುಂಟೆ ಎಲ್ಲ ಕಡೆ ಹಬ್ಬಿತು. ದೀಪಾವಳಿಯ ಹೊತ್ತಿಗೆ ನಾಲ್ಕೂ ಮಂಚ ತುಂಬಿ ಚಾಪೆ ಹಾಸಬೇಕಾಯಿತು. ಅಪ್ಪನಿಗೆ ಕಾರ್ಡು ಬರೆದೆ, ಈ ಸಲ ಅಕ್ಷರ ನೆಟ್ಟಗಿತ್ತು: ಕೆಲಸ ಸಿಕ್ಕಿದೆ, ಹೊಲಿಗೆ ಮೇಡಂ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿ. ಪುಸ್ತಕವನ್ನು ಮಾತ್ರ ಕಳಿಸಿಕೊಡಿ, ಒಂದು ಅಂಚು ಹೊಲಿಯುವುದಿದೆ.

ಪುಸ್ತಕ ಬಂತು. ಮೂರು ದಿನ ಕೂತು ಹೊಲಿದೆ. ಅಜ್ಜಿ ಆ ಕೆಂಪು ಬಟ್ಟೆಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಅಂಚು ಹಾವು ಹರಿದ ಹಾಗಿತ್ತು.

"ನೀನು ಊರಿಗ್ ಓಗ್ದಿದ್ದು ಒಳ್ಳೇದಾಯ್ತು ಮಗಾ" ಎಂದಳು. "ಆ ಇಸ್ಕೂಲ್ ಮಕ್ಳು ಬದುಕ್ಕೊಂಡ್ವು."

ಕಂಬಕ್ಕೆ ಅವಳೇ ಅದನ್ನು ಕಟ್ಟಿ ನೋಡಿ, ಬೀದಿಯಿಂದ ಕಾಣುತ್ತದೆಯೇ ಎಂದು ಆಚೆ ಹೋಗಿ ನಿಂತಳು. ಕಾಣುತ್ತದೆ ಎಂದು ಅಲ್ಲಿಂದಲೇ ತಲೆ ಆಡಿಸಿದಳು.